ಕೆಮ್ಮಿಲ್ಲದ ಹಾಡು

ದರ್ಜಿಯ ಅಂಗಡಿಯಲ್ಲಿದ್ದದ್ದು ಒಂದೇ ಒಂದು ಕ್ಯಾಸೆಟ್. ರಾಕ್ ತಂಡವೊಂದರ ಹಳೇ ಆಲ್ಬಂ. ನಡುನಡುವೆ ಜಾಜ್‌ನವರ ಹಾಗೆ ಸ್ಯಾಕ್ಸೋಫೋನ್ ಹಗ್ಗ ಬಿಚ್ಚಿದ ಕರುವಿನಂತೆ ಓಡುತ್ತಿತ್ತು. ತಾಳವೋ, ಏಳೇಳು ಎಣಿಕೆಯದು. ಯಂತ್ರ ತುಳಿಯುತ್ತ ಕೇಳಿದರೆ ಕಾಲು ತಾಳದ ಬೆನ್ನು ಹತ್ತಿ ಹೊಲಿಗೆ ಸೊಟ್ಟಗಾಗುತ್ತಿತ್ತು. ಅದಕ್ಕೇ ಕೈಯಲ್ಲಿ ಕಾಜಾ ಹೊಲಿಯುವಾಗ ಮಾತ್ರ ಹಾಕುತ್ತಿದ್ದ. "ಏನ್ರೀ ಇದು, ತಲೆ ಇಲ್ಲ ಬುಡ ಇಲ್ಲ!" ಎಂದು ಗಿರಾಕಿಗಳು ಮೂಗು ಮುರಿದರೆ, "ಮುಂದೇನು ಅಂತ ಗೊತ್ತಾಗಲ್ಲ ನೋಡಿ, ಅದೇ ಮಜಾ" ಎನ್ನುತ್ತಿದ್ದ.

ಪ್ರಾಯದಲ್ಲಿ ಅವನೂ ಅಣ್ಣನೂ ಗೆಳೆಯನ ಮನೆಯ ರೆಕಾರ್ಡ್ ಪ್ಲೇಯರ್ ಎದುರು ಟೇಪ್ ರೆಕಾರ್ಡರ್ ಇಟ್ಟು, ಉಸಿರು ಬಿಗಿಹಿಡಿದು ತುಂಬಿಸಿಕೊಂಡದ್ದು ಅದು. ಆ ಅಣ್ಣನ ಜೊತೆ ಮಾತು ಬಿಟ್ಟು ಆರು ವರ್ಷ. ಕಾರಣ? ಅಪ್ಪನ ಕತ್ತರಿ! ಅಂಗಡಿ ಪಾಲಾದಾಗ ಅದು ತನಗೇ ಬೇಕೆಂದು ಇಬ್ಬರೂ ಹಟ ಹಿಡಿದರು, ತಮ್ಮ ಗೆದ್ದ. ಛೆ, ನಾಚಿಕೆಗೇಡು.

ಮೊನ್ನೆ ಟೇಪು ಸಿಕ್ಕಿಕೊಂಡು ತುಂಡಾಯಿತು. ದರ್ಜಿ ಊಟ ಬಿಟ್ಟ. "ಅಷ್ಟಕ್ಕೆಲ್ಲ ಮುಖ ಊದಿಸ್ಕೋಬೇಡಪ್ಪಾ" ಎಂದು ಮಗಳು ಅದೇ ಆಲ್ಬಂ ಫೋನಿನಲ್ಲಿ ಹುಡುಕಿ ಹಾಕಿದಳು. ಧ್ವನಿ ಬಲು ಸ್ವಚ್ಛ. ಆದರೂ ಅವನಿಗೆ ಕೂತಲ್ಲಿ ಕೂರಲಾಗಲಿಲ್ಲ. ಎದ್ದ, ಕೂತ, ಬೆರಳಿಗೆ ಸೂಜಿ ಚುಚ್ಚಿಕೊಂಡ. ಮೊದಲಿಂದ ಹಾಕಿಸಿದ. ಏನೋ ಕಮ್ಮಿ, ಏನೆಂದು ತಿಳಿಯದು.

ಮೂರನೇ ಸಲ ಹೊಳೆಯಿತು. ಸ್ಯಾಕ್ಸೋಫೋನ್ ಸುಮ್ಮನಾಗಿ ಡ್ರಮ್ ಶುರುವಾಗುವ ಆ ಒಂದು ಗಳಿಗೆ ಬರಿದೋ ಬರಿದು. ಕ್ಯಾಸೆಟ್ಟಿನಲ್ಲಿ ಅಲ್ಲಿ ಅಣ್ಣನ ಕೆಮ್ಮಿತ್ತು. ರೆಕಾರ್ಡಿಂಗ್ ಕೆಡಿಸಿದನೆಂದು ಅವತ್ತು ತಾನೇ ಅವನ ಬೆನ್ನಿಗೆ ಗುದ್ದಿದ್ದ. ದರ್ಜಿಗೆ ಅಳು ಒತ್ತರಿಸಿ ಬಂತು. ಅಣ್ಣ ಬೇಕೆನಿಸಿತು.

ಅರ್ಧ ಹೊಲಿದ ಅಂಗಿಯನ್ನು ಅಲ್ಲೇ ಬಿಟ್ಟು, ಮಗಳ ಫೋನ್ ಕಸಿದುಕೊಂಡು, ಎರಡು ಬೀದಿ ದಾಟಿ ಬಾಗಿಲು ಬಡಿದ. ಅಣ್ಣ ಕೊರಳಲ್ಲಿ ಅಳತೆಪಟ್ಟಿ ಹಾಕಿಕೊಂಡೇ ಬಂದ.

"ಏನು, ಕತ್ತರಿ ತಂದ್ಯಾ?"

"ಇಲ್ಲ. ಸ್ವಲ್ಪ ಇದನ್ನ ಕೇಳು."

ಒಳಗೆ ಬಾ ಎನ್ನಲಿಲ್ಲ. ಇಬ್ಬರೂ ಹೊಸ್ತಿಲ ಆಚೆ ಈಚೆ ನಿಂತು ಕೇಳಿದರು. ಸ್ಯಾಕ್ಸೋಫೋನ್ ಏರಿತು, ಓಡಿತು, ನಿಂತಿತು. ಅಣ್ಣನ ಬೆನ್ನು ತಾನಾಗಿ ಕುಗ್ಗಿತು, ಗುದ್ದು ಬೀಳುತ್ತದೆ ಅನ್ನುವ ಹಾಗೆ. ಡ್ರಮ್ ಶುರುವಾಯಿತು.

"ಎಲ್ಲೋ ನನ್ನ ಕೆಮ್ಮು?" ಎಂದ ಅಣ್ಣ.

"ಇರು, ಬಂದೆ" ಎಂದವನೇ ದರ್ಜಿ ಕತ್ತರಿ ತರಲು ಓಡಿದ.