ಮೂವತ್ತೆರಡು ಸ್ಪೋಕಿನ ಚಕ್ರ

ಶಾಲೆಗೆ ಹೋಗಿಬರುವುದಕ್ಕೂ ಭಾನುವಾರದ ಸೈಕ್ಲಿಂಗ್ ತರಬೇತಿಗೂ ನನಗಿದ್ದದ್ದು ಒಂದೇ ರೋಡ್ ಬೈಕು, ಅಂದರೆ ತೆಳು ಟೈರಿನ ರೇಸ್ ಸೈಕಲ್ಲು. ಅದಕ್ಕೆ ಕಡಿಮೆ ಖರ್ಚಿನಲ್ಲಿ ಯಾವ ಚಕ್ರ ಹಾಕಿಸಲಿ ಎಂದು ನಾಯ್ಮಾರ್ಮೂಲೆಯ ಸೈಕಲ್ ಅಂಗಡಿಯವರ ತಲೆಯನ್ನು ಒಂದು ಗಂಟೆ ತಿಂದೆ.

"ಹಗುರದ್ದು ಬೇಡ ಮಾಷ್ಟ್ರೇ, ಹೆದ್ದಾರಿ ಪೂರಾ ಅಗೆದು ಹಾಕಿದ್ದಾರೆ. ಗಟ್ಟಿ ಇರುವ ಮೂವತ್ತೆರಡು ಸ್ಪೋಕಿನದ್ದೇ ಆಗಬೇಕು. ನಾನು ತರಿಸಿ ಕೊಡ್ತೇನೆ" ಎಂದರು.

ಹೂಂ ಎಂದು ತಲೆಯಾಡಿಸಿ ಮನೆಗೆ ಬಂದವನು ಅದೇ ಚಕ್ರವನ್ನು ಇನ್ನೂ ಅಗ್ಗಕ್ಕೆ ಆನ್‌ಲೈನಿನಲ್ಲಿ ತರಿಸಿಕೊಂಡೆ.

ತಿಂಗಳೊಳಗೆ ಹಿಂದಿನ ಚಕ್ರ ಬೆಂಡಾಯಿತು. ಸರಿ ಮಾಡಲು ಅವರನ್ನು ಬಿಟ್ಟರೆ ಹತ್ತಿರದಲ್ಲಿ ಯಾರೂ ಇಲ್ಲ. ನಾಚಿಕೆ ಬಿಟ್ಟು ಹೋದೆ. ಅವರು ಚಕ್ರ ತಿರುಗಿಸಿ ಸ್ಪೋಕ್ ಎಣಿಸಿದರು. ಬೈಯಲಿ ಎಂದು ನಾನು ಕಾದು ನಿಂತೆ.

ಅವರ ಮುಖ ಅರಳಿತು. "ಎಲ್ಲಿಂದಾದರೂ ಆಗಲಿ, ನಾನು ಹೇಳಿದ್ದನ್ನೇ ತಕೊಂಡಿರಲ್ಲ! ಈಗ ನನ್ನ ಮಾತು ಯಾರು ಕೇಳ್ತಾರೆ ಮಾಷ್ಟ್ರೇ?"