ನನ್ನ ಹಿಂದೆ ನಿಲ್ಲುತ್ತಿದ್ದವಳು

ನಲವತ್ತೊಂಬತ್ತನೆಯ ವಯಸ್ಸಿನಲ್ಲಿ ನನ್ನ ಬಲ ಭುಜ ಹಿಡಿದುಕೊಂಡಿತು. ಕೈ ಕಪ್ಪು ಹಲಗೆಯ ಮೇಲ್ಭಾಗಕ್ಕೆ ಏರುತ್ತಿರಲಿಲ್ಲ. ಪಾಠದ ಹೆಸರನ್ನು ಹಲಗೆಯ ನಡುವೆ ಬರೆಯತೊಡಗಿದೆ. ಜಡೆ ಹೆಣೆದುಕೊಳ್ಳಲೂ ಆಗದೆ ಒಂದು ತಿಂಗಳು ಬರೀ ಕ್ಲಿಪ್ಪು ಸಿಕ್ಕಿಸಿಕೊಂಡು ಶಾಲೆಗೆ ಹೋದೆ. ತುಮಕೂರಿನ ಮೂಳೆ ಡಾಕ್ಟರು ಮೊದಲು ಫಿಸಿಯೋಥೆರಪಿ ಮಾಡಿಸಿದರು. ನೋವು ಇಳಿದ ಮೇಲೆ, "ಇಲ್ಲಿಗೇ ನಿಲ್ಲಿಸ್ಬೇಡಿ ಮೇಡಂ. ಸ್ವಲ್ಪ ಭಾರ ಎತ್ತೋದು ಕಲೀರಿ. ಒಂದು ಜಿಮ್ಮಿಗೆ ಸೇರ್ಕೊಳಿ" ಅಂದರು. ನಾನು ನಕ್ಕೆ. ಅವರು ನಗಲಿಲ್ಲ.

ನಮ್ಮ ಮನೆಯಿಂದ ಎರಡು ರಸ್ತೆ ಆಚೆ, ಬೇಕರಿಯೊಂದರ ಮೇಲಿನ ಮಹಡಿಯಲ್ಲಿ ಜಿಮ್ಮಿತ್ತು. ಬೆಳಿಗ್ಗೆ ಆರೂವರೆಯಿಂದ ಹೆಂಗಸರ ಬ್ಯಾಚು. ನನ್ನ ಗಂಡ ಬಿದರೆಹಳ್ಳಿ ಕಾವಲ್‌ನ ಹೆಲಿಕಾಪ್ಟರ್ ಕಾರ್ಖಾನೆಯಲ್ಲಿ ಕೆಲಸದಲ್ಲಿದ್ದಾರೆ, ಅಷ್ಟು ಹೊತ್ತಿಗೆ ಕಾರ್ಖಾನೆಯ ಬಸ್ಸು ಹಿಡಿಯಲು ಹೊರಟಿರುತ್ತಾರೆ. ಮಗಳು ಮೈಸೂರಿನಲ್ಲಿ ಹಾಸ್ಟೆಲ್ಲಿನಲ್ಲಿ. ಹಾಗಾಗಿ ನಾನು ಬೆಳಿಗ್ಗೆ ಎಲ್ಲಿಗೆ ಹೋದೆ, ಯಾಕೆ ಹೋದೆ ಎಂದು ಕೇಳುವವರು ಮನೆಯಲ್ಲಿ ಇರಲಿಲ್ಲ. ಮೊದಲ ದಿನ ಬನ್ನು ಬೇಯುವ ವಾಸನೆಯ ನಡುವೆ ಮೆಟ್ಟಿಲು ಹತ್ತುತ್ತ, ಯಾರಾದರೂ ವಿದ್ಯಾರ್ಥಿಗಳ ತಾಯಂದಿರು ಸಿಕ್ಕಿಬಿಟ್ಟರೆ ಏನು ಹೇಳುವುದು ಎಂದು ಯೋಚಿಸುತ್ತಿದ್ದೆ.

ಕಲಿಸುವವಳು ಗುಬ್ಬಿಯ ಹುಡುಗಿ. ಕಾಲೇಜಿನಲ್ಲಿ ಕಬಡ್ಡಿ ಆಡಿದವಳು, ದಿನಾ ಮೊದಲ ಬಸ್ಸಿಗೆ ಗುಬ್ಬಿಯಿಂದ ಬರುತ್ತಿದ್ದಳು. ಕಟ್ಟುಮಸ್ತಾದ ಭುಜ, ಎತ್ತಿ ಕಟ್ಟಿದ ಕೂದಲು, ಅವಸರದ ಮಾತು.

"ವಾರ್ಮಪ್ ಆದ್ಮೇಲೆ ಮೂರು ಸೆಟ್, ಹನ್ನೆರಡು ರೆಪ್ಸ್, ಮಧ್ಯ ಅರವತ್ತು ಸೆಕೆಂಡ್ ರೆಸ್ಟ್. ಕೋರ್ ಟೈಟ್ ಇರ್ಲಿ, ಫಾರ್ಮ್ ಬಿಡ್ಬೇಡಿ" ಎಂದು ಒಂದೇ ಉಸಿರಿನಲ್ಲಿ ಹೇಳಿ ಆಚೆ ಹೋದಳು.

ಇಪ್ಪತ್ತನಾಲ್ಕು ವರ್ಷ ಕನ್ನಡ ಕಲಿಸಿದ ನನಗೆ ಅದರಲ್ಲಿ ಅರ್ಥವಾದದ್ದು ರೆಸ್ಟ್ ಎಂಬುದು ಮಾತ್ರ. ಪಕ್ಕದಲ್ಲಿ ನನ್ನಷ್ಟೇ ವಯಸ್ಸಿನ ಹೆಂಗಸೊಬ್ಬಳು ನಿಂತಿದ್ದಳು. ಅವಳು ಮೆಲ್ಲಗೆ ನನ್ನ ಕಡೆ ಬಾಗಿ, "ಮಿಸ್, ಅದೇನಂದ್ಲು ಆ ಹುಡ್ಗಿ? ಫಾರಂ ಬಿಡ್ಬೇಡಿ ಅಂದ್ರೆ? ನಾನು ನಿನ್ನೆನೇ ತುಂಬಿ ಕೊಟ್ಟಿದೀನಲ್ಲ" ಅಂದಳು.

"ನಾನು ಮಿಸ್ ಅಂತ ನಿಮಗೆ ಹೇಗೆ ಗೊತ್ತು?"

"ನನ್ ಮಗ ನಿಮ್ತಾವೇ ಓದಿದ್ದು. ಒತ್ತಕ್ಷರ ಬಿಡ್ತಾನೆ ಅಂತ ನೀವು ಅವನ ಕಿವಿ ಹಿಂಡಿದ್ರಿ."

ಅವಳು ಟೈಲರ್. ನಮ್ಮ ಬಡಾವಣೆಯಲ್ಲೇ ಒಂದು ಪುಟ್ಟ ಅಂಗಡಿಯಲ್ಲಿ ರವಿಕೆ, ಶಾಲೆಯ ಯೂನಿಫಾರ್ಮು ಹೊಲಿಯುತ್ತಿದ್ದಳು. ಗಂಡ ತೀರಿಕೊಂಡು ಆರು ವರ್ಷವಾಗಿತ್ತು. ಮಗ ಹೊಸೂರಿನಲ್ಲಿ ಕೆಲಸದಲ್ಲಿದ್ದ. ಮೆಷಿನ್ನಿನ ಮುಂದೆ ಕೂತೂ ಕೂತೂ ಸೊಂಟ ಹಿಡಿದು, ಕೊನೆಗೆ ಮಗನೇ ಬಲವಂತ ಮಾಡಿ ಅವಳನ್ನು ಇಲ್ಲಿಗೆ ಸೇರಿಸಿದ್ದ. ಊರು ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿಯ ಹತ್ತಿರ. ಅಲ್ಲಿ ಅವಳ ಅಕ್ಕ ಇದ್ದಳು. ಅಪ್ಪ ಅಮ್ಮ ಬೇಗ ಹೋದ ಮೇಲೆ ಇವಳನ್ನು ಸಾಕಿ, ಹೊಲಿಗೆ ಕಲಿಸಿ, ಮದುವೆ ಮಾಡಿಕೊಟ್ಟವಳು ಆ ಅಕ್ಕ. ತಾನು ಮಾತ್ರ ಮದುವೆಯಾಗಲಿಲ್ಲ.

ಫಾರ್ಮ್ ಎಂದರೆ ತುಂಬಿಕೊಡುವ ಕಾಗದವಲ್ಲ, ಭಾರ ಎತ್ತುವಾಗ ಮೈ ನಿಲ್ಲಬೇಕಾದ ರೀತಿ ಎಂದು ಟ್ರೈನರ್ ನಗುತ್ತ ತಿಳಿಸಿದಳು. ಒಂದು ಸಲ ಎತ್ತಿ ಇಳಿಸಿದರೆ ಒಂದು ರೆಪ್. ಹಾಗೆ ಹನ್ನೆರಡು ಸೇರಿದರೆ ಒಂದು ಸೆಟ್. ಕೋರ್ ಎಂದರೆ ಹೊಟ್ಟೆ, ಸೊಂಟ, ಬೆನ್ನಿನ ಕೆಳಭಾಗ, ಎಲ್ಲ ಸೇರಿದ ನಡು. ನಾನು ಮರುದಿನವೇ ನೂರು ಪುಟದ ನೋಟ್‌ಬುಕ್ ತೆಗೆದುಕೊಂಡು ಹೋದೆ. ಕನ್ನಡ ಮೇಡಂ ಜಿಮ್ಮಿನಲ್ಲಿ ಪೆನ್ನು ಹಿಡಿದು ನಿಂತಿದ್ದನ್ನು ನೋಡಿ ಬ್ಯಾಚಿನವರೆಲ್ಲ ನಕ್ಕರು. ಟೈಲರ್‌ಗೆ ನೋಟ್‌ಬುಕ್ ಬೇಕಿರಲಿಲ್ಲ. ಅವಳು ಕೇಳಿದ್ದಕ್ಕೆಲ್ಲ ಅಲ್ಲೇ ತನ್ನದೊಂದು ಹೆಸರು ಕೊಟ್ಟುಬಿಡುತ್ತಿದ್ದಳು. ಸ್ಕ್ವಾಟ್ ಅವಳಿಗೆ ಬಸ್ಕಿ. ಮೇಲಿನ ಸರಳನ್ನು ಎದೆಯ ತನಕ ಎಳೆಯುವ ಯಂತ್ರ ಬಾವಿ. ನೆಲದಿಂದ ಭಾರ ಎತ್ತುವ ಡೆಡ್‌ಲಿಫ್ಟ್ ಮೂಟೆ. "ಮಿಸ್, ಇವತ್ತು ಬಾವಿ ಆಯ್ತು, ಇನ್ನು ಮೂಟೆ ಐತೆ" ಎನ್ನುವಳು. ಸ್ವಲ್ಪ ದಿನಕ್ಕೆ ಟ್ರೈನರೂ ಹಾಗೇ ಹೇಳತೊಡಗಿದಳು.

ಮೊದಲ ವಾರ ಮೈಯೆಲ್ಲ ನೋವು. ಜಿಮ್ಮಿನ ದಿನ ಏನೂ ಇಲ್ಲ, ಮರುದಿನ, ಮೂರನೆಯ ದಿನ ಮೆಟ್ಟಿಲು ಇಳಿಯಲಾರೆ. ಅದಕ್ಕೂ ಒಂದು ಇಂಗ್ಲಿಷ್ ಹೆಸರಿದೆ, ಅಭ್ಯಾಸವಿಲ್ಲದ ಮಾಂಸಖಂಡ ತಡವಾಗಿ ನೋಯುವುದು ಸಹಜ ಎಂದು ಟ್ರೈನರ್ ಹೇಳಿದಳು. ನಾವಿಬ್ಬರೂ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದು, ಕೆಳಗೆ ಬೇಕರಿಯ ಕಟ್ಟೆಯ ಮೇಲೆ ಕೂತು ಟೀ ಕುಡಿದೆವು. ಅಲ್ಲಿಂದ ಅದೇ ರೂಢಿಯಾಯಿತು. ಶಾಲೆಗೆ ತಡವಾದರೂ ಸರಿ, ಆ ಟೀ ತಪ್ಪಿಸುತ್ತಿರಲಿಲ್ಲ. ನಾನು ಯಾವಾಗಲೋ ಅವಳನ್ನು ನೀನು ಎನ್ನತೊಡಗಿದ್ದೆ. ಅವಳು ಮಾತ್ರ ಇವತ್ತಿಗೂ ನೀವು, ಮಿಸ್ ಎನ್ನುವುದನ್ನು ಬಿಟ್ಟಿಲ್ಲ. ಆದರೆ ನನ್ನ ತೋಳಿನ ಅಳತೆ ಕೇಳದೆಯೇ ತೆಗೆದುಕೊಂಡು, ಒಂದೇ ಥಾನಿನ ನೀಲಿ ಬಟ್ಟೆಯಲ್ಲಿ ಇಬ್ಬರಿಗೂ ಕಂಕುಳು ಸಡಿಲವಿದ್ದ ಟಾಪು ಹೊಲಿದು ತಂದಳು.

ನಾಲ್ಕನೆಯ ತಿಂಗಳು ಬೆಂಚ್ ಪ್ರೆಸ್ ಶುರುವಾಯಿತು. ಬೆಂಚಿನ ಮೇಲೆ ಅಂಗಾತ ಮಲಗಿ ಸರಳನ್ನು ಎದೆಯಿಂದ ಮೇಲಕ್ಕೆ ತಳ್ಳುವುದು. ನನಗೆ ಭಯ. ಭುಜ ಮತ್ತೆ ಕೈಕೊಟ್ಟರೆ ಸರಳು ಕತ್ತಿನ ಮೇಲೇ ಬೀಳುತ್ತದೆ.

"ಅದಕ್ಕೇ ಮೇಡಂ ಸ್ಪಾಟರ್ ಇರೋದು. ತಲೆ ಹಿಂದೆ ಒಬ್ರು ನಿಂತ್ಕೊಂಡಿರ್ತಾರೆ. ಆಂಟಿ, ನೀವು ನಿಂತ್ಕೊಳಿ" ಎಂದು ಟ್ರೈನರ್ ಟೈಲರನ್ನು ಕರೆದಳು. "ಕೈ ಹತ್ರ ಇರ್ಲಿ, ಆದ್ರೆ ಮುಟ್ಬೇಡಿ. ಅವ್ರಿಗೆ ನಿಜವಾಗ್ಲೂ ಆಗ್ದೇ ಇದ್ದಾಗ ಮಾತ್ರ ಹಿಡೀಬೇಕು. ಬೇಗ ಹಿಡಿದ್ರೆ ಅವ್ರು ಎತ್ತಿದ್ದು ಲೆಕ್ಕಕ್ಕೇ ಇಲ್ಲ."

"ಗೊತ್ತಾಯ್ತು ಬುಡು" ಅಂದಳು ಅವಳು. "ಮೆಷಿನ್ನಲ್ಲಿ ಹೊಲಿಯೋವಾಗ ಹಿಂದ್ಗಡೆ ಬಟ್ಟೆ ಹಿಡ್ಕೋತೀವಲ್ಲ, ಹಂಗೆ. ಎಳದ್ರೆ ಸೂಜಿ ಮುರೀತದೆ."

ಆರು ಸಲ ಎತ್ತಿದೆ. ಏಳನೆಯದಕ್ಕೆ ತೋಳು ನಡುಗತೊಡಗಿತು. ಮೇಲೆ ತಲೆಕೆಳಗಾಗಿ ಅವಳ ಮುಖ ಕಾಣುತ್ತಿತ್ತು. ಹುಬ್ಬು ಗಂಟಿಕ್ಕಿ, ಸೂಜಿಗೆ ದಾರ ಪೋಣಿಸುವವಳಂತೆ ಸರಳನ್ನೇ ನೋಡುತ್ತಿದ್ದಳು. "ಆಯ್ತದೆ ಮಿಸ್, ಆಯ್ತದೆ" ಎನ್ನುತ್ತಲೇ ಇದ್ದಳು, ಕೈ ಮಾತ್ರ ಚಾಚಲಿಲ್ಲ. ಏಳು ಮುಗಿಯಿತು. ಎಂಟನೆಯದು ಅರ್ಧಕ್ಕೆ ನಿಂತಾಗ ಎರಡು ಬೆರಳು ಸೋಕಿಸಿದಳು ಅಷ್ಟೆ. ಭಾರವನ್ನೆಲ್ಲ ಅವಳೇ ತೆಗೆದುಕೊಂಡ ಹಾಗೆ ಸರಳು ಮೇಲೆ ಹೋಯಿತು.

ಆ ದಿನ ಮೊದಲನೆಯ ಪಿರಿಯಡ್ಡಿನಲ್ಲಿ ಹಲಗೆಯ ಮೇಲಂಚಿನವರೆಗೆ ಕೈ ಎತ್ತಿ ಪಾಠದ ಹೆಸರು ಬರೆದೆ. ಮಕ್ಕಳಿಗೆ ಅದೇನೂ ವಿಶೇಷವಾಗಿ ಕಾಣಲಿಲ್ಲ. ಸಂಜೆ ಮನೆಗೂ ಹೋಗದೆ ಅವಳ ಅಂಗಡಿಗೆ ಹೋಗಿ ಹೇಳಿದೆ. ಅವಳು ಮೆಷಿನ್ ನಿಲ್ಲಿಸಿ, "ಕೈ ಎತ್ತಿ ತೋರ್ಸಿ" ಅಂದಳು. ಗಿರಾಕಿಗಳ ಮುಂದೆಯೇ ಎತ್ತಿ ತೋರಿಸಿದೆ.

ಹೀಗೆ ಒಂದೂವರೆ ವರ್ಷ. ಒಂದು ಬೆಳಿಗ್ಗೆ ಅವಳು ಬರಲಿಲ್ಲ. ಫೋನ್ ಮಾಡಿದರೆ, ಅಕ್ಕನಿಗೆ ಲಕ್ವ ಹೊಡೆದಿದೆ, ಆಸ್ಪತ್ರೆಯಲ್ಲಿದ್ದೀನಿ ಅಂದಳು. ಬಲಗೈ, ಬಲಗಾಲು ಬಿದ್ದುಹೋಗಿತ್ತು, ಮಾತು ತೊದಲುತ್ತಿತ್ತು. ಹತ್ತು ದಿನ ತುಮಕೂರಿನಲ್ಲೇ ಇಟ್ಟುಕೊಂಡಿದ್ದರು. ದಿನಾ ಸಂಜೆ ನಾನು ಗಂಜಿ, ಅನ್ನ ಸಾರು ತೆಗೆದುಕೊಂಡು ಹೋಗುತ್ತಿದ್ದೆ. ಹನ್ನೊಂದನೆಯ ದಿನ ಅಕ್ಕನನ್ನು ಊರಿಗೆ ಕರೆದೊಯ್ದರು. ಮೂರು ದಿನ ಬಿಟ್ಟು ಅವಳು ಹೊಲಿಗೆ ಮೆಷಿನ್ನಿಗಾಗಿ ವಾಪಸು ಬಂದಳು. ಗೂಡ್ಸ್ ಆಟೋಗೆ ಮೆಷಿನ್ ಏರಿಸಿ ಹಗ್ಗ ಕಟ್ಟುವಾಗ ನಾನೂ ಒಂದು ಕಡೆ ಹಿಡಿದೆ.

"ಯಾವಾಗ ಬರ್ತೀಯ?"

"ಒಂದು ತಿಂಗ್ಳು ಮಿಸ್. ಅವಳು ಎದ್ದು ಓಡಾಡೋ ಹಂಗಾಗ್ಲಿ."

ಭಾರ ಎತ್ತುವವರು ನಡುನಡುವೆ ಒಂದು ವಾರ ತೂಕ ಇಳಿಸಿ ಮೈಗೆ ಬಿಡುವು ಕೊಡುತ್ತಾರೆ, ಅದಕ್ಕೆ ಡಿಲೋಡ್ ಎನ್ನುತ್ತಾರೆ. "ಆಂಟಿಗೂ ಡಿಲೋಡ್ ಅಂದ್ಕೊಳಿ ಮೇಡಂ, ಬರ್ತಾರೆ" ಎಂದು ಟ್ರೈನರ್ ಸಮಾಧಾನ ಹೇಳಿದಳು. ತಿಂಗಳು ಕಳೆಯಿತು, ಮೂರೂ ಕಳೆಯಿತು. ಬೆಂಚಿನ ಹಿಂದೆ ಈಗ ಕಾಲೇಜು ಹುಡುಗಿಯೊಬ್ಬಳು ನಿಲ್ಲುತ್ತಿದ್ದಳು. ಒಳ್ಳೆಯ ಹುಡುಗಿಯೇ. ನನ್ನ ಮುಖ ಸ್ವಲ್ಪ ಬಿಗಿದರೆ ಸಾಕು, ಗಾಬರಿಯಾಗಿ ಸರಳು ಎಳೆದುಕೊಂಡುಬಿಡುತ್ತಿದ್ದಳು. ನಾನು ಎತ್ತುವ ತೂಕ ಒಂದೇ ಕಡೆ ನಿಂತುಹೋಯಿತು. ಅದಕ್ಕೂ ಒಂದು ಪದವಿತ್ತು, ಪ್ಲ್ಯಾಟೋ. ಏರಿಕೆ ನಿಂತು ಸಪಾಟಾಗುವುದು. ಊಟ ಸರಿಯಾಗಿದೆಯೇ, ನಿದ್ದೆ ಬರುತ್ತಿದೆಯೇ ಎಂದು ಟ್ರೈನರ್ ವಿಚಾರಿಸಿದಳು. ಎಲ್ಲ ಸರಿಯಾಗಿದೆ ಅಂದೆ. ಕೆಳಗಿಳಿದು ಬೇಕರಿಯ ಮುಂದೆ ನಿಲ್ಲದೆ ಮನೆಗೆ ಹೋದೆ.

ದಸರಾ ರಜೆಯಲ್ಲಿ ತಡೆಯಲಾಗದೆ ಹೊರಟೆ. ಕುಣಿಗಲ್‌ನಲ್ಲಿ ಇಳಿದು ಇನ್ನೊಂದು ಬಸ್ಸಿಗೆ ಮುಕ್ಕಾಲು ಗಂಟೆ ಕಾದೆ. ಮಾರ್ಕೋನಹಳ್ಳಿಯ ನಾಲೆಯಲ್ಲಿ ನೀರಿತ್ತು, ಎರಡೂ ಕಡೆ ಗದ್ದೆ ಹಸಿರಾಗಿತ್ತು. ಅವಳ ಅಕ್ಕನ ಮನೆ ನಾಲೆಯ ಏರಿಯ ಕೆಳಗೆ. ಜಗಲಿಯ ಮೇಲೆ ಮೆಷಿನ್ನು, ಪಕ್ಕದಲ್ಲಿ ಮಡಿಸಿಟ್ಟ ರವಿಕೆಗಳು. ಒಳಗೆ ಹೋದಾಗ ಅವಳು ಅಕ್ಕನನ್ನು ಮಂಚದಿಂದ ಕುರ್ಚಿಗೆ ಕೂರಿಸಲು ಸಿದ್ಧವಾಗುತ್ತಿದ್ದಳು. ನಾನು ಹಿಡಿಯಲು ಓಡಿದೆ.

"ಇರಿ ಮಿಸ್, ಹಿಡೀಬೇಡಿ."

ಅಕ್ಕನ ಸೊಂಟಕ್ಕೆ ದಪ್ಪ ಬಟ್ಟೆಯ ಅಗಲವಾದ ಪಟ್ಟಿ ಕಟ್ಟಿದ್ದಳು. ಅವಳೇ ಹೊಲಿದದ್ದು, ಎರಡು ಪಕ್ಕಕ್ಕೂ ಹಿಡಿ ಇಟ್ಟಿದ್ದಳು. ಕಾಲು ಅಗಲಿಸಿ ನಿಂತು, ಮಂಡಿ ಬಗ್ಗಿಸಿ, ಬೆನ್ನು ನೆಟ್ಟಗೆ ಮಾಡಿಕೊಂಡು ಆ ಹಿಡಿಗಳಿಗೆ ಕೈ ಹಾಕಿದಳು. ಉಸಿರು ತೆಗೆದುಕೊಂಡು ಎತ್ತಿದಳು. ಅಕ್ಕ ಎದ್ದು ನಿಂತಳು. ಇಬ್ಬರೂ ಪುಟ್ಟ ಪುಟ್ಟ ಹೆಜ್ಜೆಯಲ್ಲಿ ತಿರುಗಿದರು. ಕುರ್ಚಿಯಲ್ಲಿ ಕೂರಿಸಿದ ಮೇಲೆ ಅವಳು ಸೊಂಟ ನೀವಿಕೊಳ್ಳಲಿಲ್ಲ, ಮುಖ ಒರೆಸಿಕೊಂಡಳು ಅಷ್ಟೆ.

"ಅರವತ್ತು ಕೆಜಿ ಮೇಲವ್ಳೆ ನಮ್ಮಕ್ಕ. ಜಿಮ್ಮಲ್ಲಿ ನಾನು ನಲವತ್ತು ಕೆಜಿ ದಾಟಿರ್ಲಿಲ್ಲ. ಆ ಹುಡ್ಗಿಗೆ ಹೇಳಿ" ಅಂದಳು.

ಕುಣಿಗಲ್ ಆಸ್ಪತ್ರೆಯಲ್ಲಿ ಹೇಳಿಕೊಟ್ಟಿದ್ದ ವ್ಯಾಯಾಮ ಶುರುವಾಯಿತು. ಅರ್ಧ ನೀರಿದ್ದ ಬಾಟಲಿಯನ್ನು ಅಕ್ಕ ಬಲಗೈಯಲ್ಲಿ ಹಿಡಿದು ತೊಡೆಯಿಂದ ಒಂದು ಗೇಣು ಮೇಲೆತ್ತಬೇಕು. ತಂಗಿ ಎದುರಿಗೆ ಕುಕ್ಕರುಗಾಲಲ್ಲಿ ಕೂತು ಎಣಿಸಿದಳು. ಬಾಟಲಿ ಹತ್ತಿರವೇ ಅಂಗೈ ಒಡ್ಡಿದ್ದಳು, ಮುಟ್ಟಿರಲಿಲ್ಲ. ಎಂಟಾದ ಮೇಲೆ ಅಕ್ಕ ಬಾಯಿ ತೆರೆದು, ಬಹಳ ಹೊತ್ತು ಹೆಣಗಿ, "ರೆಸ್ಟು" ಅಂದಳು.

"ಇಷ್ಟು ಬೇಗ ರೆಸ್ಟಾ? ಇನ್ನೂ ಎರಡೈತೆ ಕಣಕ್ಕ" ಎಂದಳು ಇವಳು. ಅಕ್ಕನ ಬಾಯಿಯ ಒಂದು ಬದಿ ನಕ್ಕಿತು.

ಸಂಜೆ ನನ್ನನ್ನು ಬಸ್ಸಿಗೆ ಬಿಡಲು ಅವಳು ನಾಲೆಯ ಏರಿಯ ಮೇಲೆ ಜೊತೆಗೆ ಬಂದಳು. ಯಾವಾಗ ಬರ್ತೀಯ ಎಂದು ಕೇಳಬೇಕೆಂದು ಮಧ್ಯಾಹ್ನದಿಂದ ಕಾದಿದ್ದೆ. ನಾನು ಬಾಯಿ ತೆರೆಯುವ ಮುಂಚೆ ಅವಳೇ ಹೇಳಿದಳು.

"ಅಂಗಡಿ ಬಿಟ್ಕೊಟ್ಟೆ ಮಿಸ್. ಇಲ್ಲೇ ಹೊಲಿಗೆ ಸಿಕ್ತಾವೆ. ಅವಳು ಎದ್ದು ಓಡಾಡಿದ್ರೂ ಒಬ್ಳನ್ನೇ ಬುಟ್ಟು ಬರಾಕೆ ಮನಸ್ಸಿಲ್ಲ. ನನ್ನ ಸಾಕೋವಾಗ ಅವಳಿಗೆ ಹದಿನೇಳು ವರ್ಷ."

"ಅಕ್ಕನ್ನ ತುಮಕೂರಿಗೇ ಕರ್ಕೊಂಡು ಬಾ" ಅಂದೆ.

"ಕೇಳ್ದೆ. ಒಲ್ಲೆ ಅಂತ ತಲೆ ಆಡ್ಸಿದ್ಲು. ಈ ನಾಲೆ ಬುಟ್ಟು ಎಲ್ಲಿಗೂ ಹೋದೋಳಲ್ಲ."

ಆ ಮುದುಕಿಯ ಮೇಲೆ ನನಗೆ ಒಂದು ಗಳಿಗೆ ಕೋಪ ಬಂತು. ಈಗಲೂ ನೆನೆದರೆ ನಾಚಿಕೆಯಾಗುತ್ತದೆ. ಬಸ್ಸು ಬಂತು. ಅವಳು ನನ್ನ ಬ್ಯಾಗಿಗೆ ಸೀಮೆಬದನೆಕಾಯಿ ತುರುಕಿ, "ಕೈ ಎತ್ತಿ ಕಂಬಿ ಹಿಡ್ಕೊಳಿ, ನೋಡಾನ" ಅಂದಳು. ಬಸ್ಸಿನಲ್ಲಿ ಸೀಟು ಖಾಲಿಯಿತ್ತು. ಆದರೂ ಅವಳು ಮರೆಯಾಗುವವರೆಗೆ ಮೇಲಿನ ಕಂಬಿ ಹಿಡಿದು ನಿಂತೇ ಇದ್ದೆ.

ಇದಾಗಿ ಎರಡು ವರ್ಷ. ಅಕ್ಕ ಈಗ ಕೋಲೂರಿಕೊಂಡು ಏರಿಯವರೆಗೂ ನಡೆಯುತ್ತಾಳಂತೆ. ತಂಗಿ ಬೆಳಿಗ್ಗೆ ಜಗಲಿಯಲ್ಲಿ ಪಕ್ಕದ ಮನೆಯ ಹೆಂಗಸರಿಬ್ಬರಿಗೆ ಬಸ್ಕಿ ಹೇಳಿಕೊಡುತ್ತಾಳೆ. ನಾನೂ ಜಿಮ್ಮಿಗೆ ಹೋಗುತ್ತಲೇ ಇದ್ದೇನೆ. ಭುಜ ಚೆನ್ನಾಗಿದೆ, ತೂಕವೂ ಸ್ವಲ್ಪ ಏರಿದೆ. ಹೊಸದಾಗಿ ಸೇರಿದವರು ಯಾವುದಾದರೂ ಪದ ಅರ್ಥವಾಗದೆ ಕಣ್ಣು ಕಣ್ಣು ಬಿಟ್ಟರೆ ನಾನೇ ಹೋಗಿ ಹೇಳಿಕೊಡುತ್ತೇನೆ.

ಕಳೆದ ಭಾನುವಾರ ಅವಳ ಫೋನ್ ಬಂತು. ಬೆಳೆ, ಮಳೆ, ಮಗನಿಗೆ ಹೆಣ್ಣು ನೋಡುತ್ತಿರುವುದು ಎಲ್ಲ ಆಯಿತು. ಆಮೇಲೆ, "ನಾನಿಲ್ದೆ ಜಿಮ್ಮಲ್ಲಿ ಬೇಜಾರಾಗಲ್ವಾ ಮಿಸ್?" ಎಂದು ನಗುತ್ತ ಕೇಳಿದಳು. ಪ್ರತಿ ಸಲವೂ ಅವಳು ಇದನ್ನು ಕೇಳುತ್ತಾಳೆ, ಪ್ರತಿ ಸಲವೂ ನಾನು ತಮಾಷೆಯಾಗಿ ಏನೋ ಹೇಳಿ ಮಾತು ತಿರುಗಿಸುತ್ತೇನೆ. ಈ ಸಲ ಆಗಲಿಲ್ಲ.

"ಆಗುತ್ತೆ ಕಣೇ. ತುಂಬಾ ಆಗುತ್ತೆ" ಅಂದೆ.

ಅವಳ ನಗು ನಿಂತಿತು. ಅಷ್ಟರಲ್ಲಿ ಒಳಗಿನಿಂದ ಅಕ್ಕ ಕರೆದಳು. ಅವಳು ಬಂದೆ ಎಂದು ಕೂಗಿ, ಫೋನನ್ನು ಕಟ್ ಮಾಡದೆ ಹಾಗೇ ಎಲ್ಲೋ ಇಟ್ಟು ಹೋದಳು. ಪಾತ್ರೆಯ ಸದ್ದು, ಕೋಲು ನೆಲಕ್ಕೆ ತಾಗಿದ ಸದ್ದು, ಅವಳು ಅಕ್ಕನಿಗೆ ಏನೋ ಹೇಳುತ್ತಿದ್ದುದು ಕೇಳುತ್ತಿತ್ತು. ಮಾತು ತಿಳಿಯುತ್ತಿರಲಿಲ್ಲ, ದನಿ ಮಾತ್ರ. ನಾನು ಒಲೆ ಆರಿಸಿ, ಅಡುಗೆಮನೆಯ ಸ್ಟೂಲಿನ ಮೇಲೆ ಕೂತು, ಬಹಳ ಹೊತ್ತು ಕೇಳಿಸಿಕೊಂಡೆ.