ಮೇನ್ ಆಫ್ ಅಕ್ಕ

ನನ್ನ ಅಕ್ಕನಷ್ಟು ತಲೆ ತಿನ್ನುವ ವೈರಿಂಗ್ ಕೆಲಸದವರು ಈ ಊರಿನಲ್ಲಿ ಇನ್ನೊಬ್ಬರಿಲ್ಲ. ಇಪ್ಪತ್ತೆರಡು ವರ್ಷದಿಂದ ಅದೇ ಚೀಲ ಹೆಗಲಿಗೇರಿಸಿಕೊಂಡು ಮನೆಮನೆ ತಿರುಗುತ್ತಾಳೆ. ಬಲ್ಬ್ ಬದಲಿಸಲು ಕರೆದರೂ ಹೊಸಿಲು ದಾಟುವ ಮೊದಲೇ "ಮೇನ್ ಆಫ್ ಮಾಡಿ" ಎನ್ನುತ್ತಾಳೆ. ಅದಕ್ಕೇ ಜನ ಅವಳನ್ನು ಮೇನ್ ಆಫ್ ಅಕ್ಕ ಎನ್ನುತ್ತಾರೆ. ಮದುವೆಯಾದ ಹೊಸತರಲ್ಲಿ, ವೈರ್ ಸವೆದಿದೆ ಎಂದು ಭಾವನ ಕೈಯಿಂದ ಇಸ್ತ್ರಿಪೆಟ್ಟಿಗೆಯನ್ನೇ ಕಿತ್ತುಕೊಂಡಿದ್ದಳಂತೆ. ಪಾಪ, ಅವರು ಸುಕ್ಕು ಅಂಗಿಯಲ್ಲೇ ಆಫೀಸಿಗೆ ಹೋದರು.

ನನ್ನ ಹೋಟೆಲಿನ ಹಿಂದಿನ ಹುಲ್ಲುಹಾಸಿಗೆ, ಚಳಿಗಾಲಕ್ಕೆಂದು, ನಾಲ್ಕು ಹೀಟರ್ ತರಿಸಿದ್ದೆ. ಅಡುಗೆಮನೆಯ ಪ್ಲಗ್ಗಿನಿಂದ ಉದ್ದನೆಯ ವೈರ್ ಎಳೆದು, ಎಕ್ಸ್‌ಟೆನ್ಶನ್ ಬಾಕ್ಸಿಗೆ ಪ್ಲಾಸ್ಟಿಕ್ ಚೀಲ ಮುಚ್ಚಿದರೆ ಮುಗಿಯಿತು ಎಂದುಕೊಂಡಿದ್ದೆ. ಅಕ್ಕ ಅದನ್ನು ನೋಡಿ ನನ್ನನ್ನು ಕತ್ತೆ ಎಂದಳು. ಎರಡಡಿ ಆಳ ಅಗೆಸಿ, ಪೈಪಿನೊಳಗೆ ದಪ್ಪ ಕೇಬಲ್ ಎಳೆದು, ಪ್ರತಿ ಹೀಟರಿಗೂ ಅರ್ಥ್ ಕೊಟ್ಟು, ಗೋಡೆಯ ಮೇಲೆ ಬೇರೆಯೇ ಟ್ರಿಪ್ ಸ್ವಿಚ್ ಕೂರಿಸಿದಳು. ಮೂರು ದಿನ ನನ್ನ ಹುಲ್ಲುಹಾಸು ಉತ್ತ ಹೊಲದ ಹಾಗಿತ್ತು.

"ಕರೆಂಟ್ ಎಲ್ಲಾದ್ರೂ ಸೋರಿದ್ರೆ ಇದು ತಾನಾಗೇ ಬೀಳುತ್ತೆ. ಬಿದ್ರೆ ನನ್ನ ಕರಿ. ನೀನು ಕೈ ಹಾಕ್ಬೇಡ," ಎಂದಳು.

ಎರಡು ವಾರ ಸುಮ್ಮನಿದ್ದ ಆ ಸ್ವಿಚ್ ಆಮೇಲೆ ದಿನಾ ಬೀಳತೊಡಗಿತು. ಹುಲ್ಲಿಗೆ ನೀರು ಬಿಟ್ಟ ಮೇಲೆ, ಸರಿಯಾಗಿ ಟೇಬಲ್‌ಗಳು ತುಂಬುವ ಹೊತ್ತಿಗೇ ಬೀಳುತ್ತಿತ್ತು. ಗಿರಾಕಿಗಳು ನಡುಗುತ್ತ ನನ್ನ ಮುಖ ನೋಡುವರು. ಅಕ್ಕನನ್ನು ಕರೆದರೆ ಮತ್ತೆ ಅಗೆಸುತ್ತಾಳೆ ಎಂದು ನೆನೆದೇ ಮೈ ಉರಿಯಿತು. ಪಕ್ಕದ ಅಂಗಡಿಗೆ ಬಂದಿದ್ದ ಇನ್ನೊಬ್ಬ ವೈರಿಂಗಿನವನನ್ನು ಕರೆದು, ಆ ಸ್ವಿಚ್ ಕಿತ್ತು ಹಾಕಿಸಿ, ನೇರ ಕರೆಂಟ್ ಕೊಡಿಸಿದೆ. ಹತ್ತು ನಿಮಿಷದ ಕೆಲಸ. ಇದನ್ನು ಹೇಳುವಾಗ ಈಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಆ ಸಂಜೆ ಹೀಟರುಗಳು ಕೆಂಪಗೆ ಉರಿದವು. ಕಾಲು ಊದಿ ಚಪ್ಪಲಿ ಮೆಟ್ಟಲಾಗದ ಅಮ್ಮ, ಎಂದಿನಂತೆ ಕೊನೆಯ ಹೀಟರಿನ ಪಕ್ಕದ ತನ್ನ ಕುರ್ಚಿಗೆ ಒದ್ದೆ ಹುಲ್ಲಿನ ಮೇಲೆ ಬರಿಗಾಲಲ್ಲಿ ಹೊರಟಳು. ಅಷ್ಟರಲ್ಲಿ ಅವಳನ್ನು ನೋಡಲು ಬಂದ ಅಕ್ಕನಿಗೆ ಗೋಡೆಯ ಮೇಲೆ ಸ್ವಿಚ್ ಇದ್ದ ಜಾಗ ಖಾಲಿ ಕಂಡಿತು.

"ಅಮ್ಮಾ, ಅಲ್ಲೇ ನಿಂತ್ಕೊ."

ಆ ಹೀಟರಿನ ಕಬ್ಬಿಣದ ಕಂಬಕ್ಕೆ ಟೆಸ್ಟರ್ ಇಟ್ಟಳು. ಟೆಸ್ಟರಿನ ದೀಪ ಹೊತ್ತಿಕೊಂಡಿತು. ಓಡಿಹೋಗಿ ಮೇನ್ ಆಫ್ ಮಾಡಿದಳು. ಇಡೀ ಹೋಟೆಲ್ ಕತ್ತಲಾಯಿತು.

"ಇಷ್ಟು ಜನರ ಮುಂದೆ ನನ್ನ ಮಾನ ಕಳೀತೀಯಲ್ಲ," ಎಂದು ಅವಳ ಮೇಲೆ ಹರಿಹಾಯ್ದೆ.

ಅಕ್ಕ ಟಾರ್ಚ್ ಹಿಡಿದು ಆ ಹೀಟರಿನ ಬುಡದ ಮುಚ್ಚಳ ಬಿಚ್ಚಿದಳು. ಒಳಗಿನಿಂದ ನೀರು ಸುರಿಯಿತು. ನೆಲದಿಂದ ಮೇಲೆದ್ದು ಕಂಬಕ್ಕೆ ಸೇರುವಲ್ಲಿ ಅರ್ಥ್ ವೈರ್ ಹುಲ್ಲು ಕತ್ತರಿಸುವ ಯಂತ್ರಕ್ಕೆ ಸಿಕ್ಕಿ ತುಂಡಾಗಿತ್ತು. ಆಗಲೂ ನನಗೆ ಸೋಲೊಪ್ಪಿಕೊಳ್ಳಲು ಮನಸ್ಸಿರಲಿಲ್ಲ.

"ನಿನ್ನ ಸ್ವಿಚ್ಚೇ ಸರಿ ಇರ್ಲಿಲ್ಲ. ಸುಮ್ಸುಮ್ನೆ ಬೀಳ್ತಿತ್ತು."

ಅಕ್ಕನ ದನಿ ಏರಲಿಲ್ಲ. "ಹೌದಾ? ಸರಿ. ಈಗ ಮೇನ್ ಹಾಕ್ತೀನಿ. ಚಪ್ಪಲಿ ಬಿಟ್ಟು ಬಂದು ಈ ಕಂಬ ಹಿಡ್ಕೊ."

ಅಮ್ಮ ಹುಲ್ಲಿನ ಮೇಲೆ ಹಾಗೇ ನಿಂತು ನನ್ನ ಕಾಲನ್ನೇ ನೋಡುತ್ತಿದ್ದಳು. ನಾನು ಚಪ್ಪಲಿ ಬಿಡಲಿಲ್ಲ.